‘ನಾನೇ ಕದ್ದೆ’ ಎಂಬ ವಿಡಿಯೊ ಇದ್ದರೆ ಕೇಸ್ ಮುಗಿಯಿತೇ?

ಕಿಬ್ಬನಹಳ್ಳಿ ಕಡೆ ಯಾರದೋ ಮನೆಯ ಅಟ್ಟದಿಂದ ಕೊಬ್ಬರಿ ಕಳುವಾಯಿತು ಎಂದುಕೊಳ್ಳಿ. ಅನುಮಾನ ಬಂದವನನ್ನು ಹಿಡಿದು, ತೆಂಗಿನ ಮರಕ್ಕೆ ಕಟ್ಟಿ ನಾಲ್ಕು ಬಾರಿಸುತ್ತಾರೆ. ‘ಹೌದು, ನಾನೇ ಕದ್ದೆ’ ಎನ್ನುತ್ತಾನೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ. ಸಂಜೆಯೊಳಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಗ್ರೂಪುಗಳಲ್ಲೆಲ್ಲ ಅವನ ಮುಖ: ‘ಕಳ್ಳನೇ ಒಪ್ಪಿಕೊಂಡ ಮೇಲೆ ಇನ್ಯಾವ ಸಾಕ್ಷಿ ಬೇಕು?’

ಬೇಕು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನೇ ನಮ್ಮ ಕಾನೂನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಒಪ್ಪುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 25ರಲ್ಲಿದ್ದ ಈ ನಿಯಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23ರಲ್ಲಿ ಮುಂದುವರಿದಿದೆ. ಕಾರಣ ಸರಳ. ಏಟು ತಪ್ಪಿಸಿಕೊಳ್ಳಲು ಮನುಷ್ಯ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾನೆ.

ಊರವರ ಮುಂದೆ ಹೇಳಿದ್ದು? ಸ್ವಂತ ಇಚ್ಛೆಯಿಂದ ಹೇಳಿದ್ದರೂ ಕೋರ್ಟುಗಳು ಅದನ್ನು ದುರ್ಬಲ ಸಾಕ್ಷ್ಯವೆಂದೇ ನೋಡುತ್ತವೆ. ಇನ್ನು ಕಟ್ಟಿ ಹೊಡೆಯುವುದು ಕಣ್ಣಿಗೆ ಕಾಣುವ ವಿಡಿಯೊ, ಹೊಡೆದವರ ವಿರುದ್ಧವೇ ಸಾಕ್ಷಿಯಾದೀತು.

ಒಂದು ವಿನಾಯಿತಿ ಇದೆ. ಪೊಲೀಸ್ ವಶದಲ್ಲಿರುವ ಆರೋಪಿ ‘ಮೂಟೆಗಳನ್ನು ಪಂಪ್‌ಹೌಸ್ ಹಿಂದೆ ಬಚ್ಚಿಟ್ಟಿದ್ದೇನೆ’ ಎಂದು ಹೇಳಿ, ಅವು ಅಲ್ಲೇ ಸಿಕ್ಕರೆ, ಆ ಜಾಗ ತೋರಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ‘ನಾನೇ ಕದ್ದೆ’ ಎಂಬುದು ಆಗಲೂ ಹೊರಗೇ. ಸಿಕ್ಕ ಕೊಬ್ಬರಿ ಕಳುವಾದದ್ದೇ ಎಂದು ಬೇರೆಯಾಗಿ ತೋರಿಸಬೇಕು. ನಮ್ಮ ಸೀಮೆಯಲ್ಲಿ ಇದು ಸಣ್ಣ ಕೆಲಸವಲ್ಲ, ಒಂದು ಉಂಡೆ ಕೊಬ್ಬರಿ ಇನ್ನೊಂದರಂತೆಯೇ ಇರುತ್ತದೆ!

‘ಹಾಗಾದರೆ ಮಂಪರು ಪರೀಕ್ಷೆ ಮಾಡಿಸಿ, ಸತ್ಯ ತಾನಾಗಿ ಹೊರಬರುತ್ತೆ’ ಎಂಬ ಫಾರ್ವರ್ಡ್ ಕೂಡ ನೋಡಿರುತ್ತೀರಿ. ಇದಕ್ಕೆ ಉತ್ತರ ನಮ್ಮ ರಾಜ್ಯದ ಹೆಸರೇ ಇರುವ ತೀರ್ಪಿನಲ್ಲಿದೆ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ವಿಜ್ಞಾನವೂ ಇದನ್ನೇ ಹೇಳುತ್ತದೆ. ಈ ಪರೀಕ್ಷೆಯಲ್ಲಿ ಬಳಸುವ ಸೋಡಿಯಂ ಪೆಂಟೊಥಾಲ್ ಮನಸ್ಸಿನ ಕಡಿವಾಣ ಸಡಿಲಿಸುತ್ತದೆ, ಅಷ್ಟೇ. ಅರೆ ಎಚ್ಚರದಲ್ಲಿರುವವನು ಕಂಡದ್ದು, ಕಲ್ಪಿಸಿಕೊಂಡದ್ದು, ಪ್ರಶ್ನೆ ಕೇಳಿದವರೇ ಬಾಯಿಗಿಟ್ಟದ್ದು ಎಲ್ಲವನ್ನೂ ಬೆರೆಸಿ ಹೇಳಬಹುದು.

ಸ್ಕಾಟ್ಲೆಂಡಿನಲ್ಲಿ ನಿಯಮ ಇನ್ನೂ ಬಿಗಿ. ಅಲ್ಲಿ ಆರೋಪಿ ಸರಿಯಾದ ಕ್ರಮದಲ್ಲೇ ಪೊಲೀಸರ ಮುಂದೆ ಒಪ್ಪಿಕೊಂಡಿದ್ದರೂ, ಆ ಒಂದರ ಮೇಲೆ ಶಿಕ್ಷೆಯಿಲ್ಲ. ಬೇರೊಂದು ಮೂಲದಿಂದ ಬಂದ ಸಾಕ್ಷ್ಯ ಅದನ್ನು ಬೆಂಬಲಿಸಬೇಕು. ನಮ್ಮಲ್ಲಿ ಹೀಗೆ ಲೆಕ್ಕವಿಲ್ಲ. ನಂಬಲರ್ಹ ಸಾಕ್ಷಿ ಒಬ್ಬರೇ ಇದ್ದರೂ ಸಾಕು. ‘ಇಬ್ಬರು ಸಾಕ್ಷಿಗಳಿಲ್ಲದಿದ್ದರೆ ಕೇಸ್ ಬಿದ್ದುಹೋಗುತ್ತೆ’ ಎಂಬ ಮಾತು ಇಲ್ಲಿ ಸುಳ್ಳು.

ಹಾಗಾಗಿ ಕಳ್ಳತನವಾದರೆ ಮರಕ್ಕೆ ಕಟ್ಟುವ ಬದಲು 112ಕ್ಕೆ ಕರೆ ಮಾಡಿ. ಕೆ.ಬಿ. ಕ್ರಾಸಿನ ಯಾವುದಾದರೂ ಅಂಗಡಿಯ ಸಿಸಿಟಿವಿಯಲ್ಲಿ ಗಾಡಿ ಹೋದದ್ದು ಸೆರೆಯಾಗಿದ್ದರೆ, ಹಳೆಯ ದೃಶ್ಯ ಅಳಿಸಿಹೋಗುವ ಮುನ್ನ ಪೊಲೀಸರಿಗೆ ತಿಳಿಸಿ. ಅದರ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ. ಹತ್ತು ಗ್ರೂಪು ಸುತ್ತಿ ಬಂದ, ಯಾರು ತೆಗೆದದ್ದೆಂದೇ ಗೊತ್ತಿಲ್ಲದ ಕ್ಲಿಪ್ಪಿಗೆ ಆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಸಿಗುವುದು ಕಷ್ಟ.