ಪೋಲೆಂಡಿನ ಸೇನಾಡಳಿತ ಅನಿವಾರ್ಯವಾಗಿತ್ತೆ?

ಪ್ರಶ್ನೆ: 1981ರಲ್ಲಿ ಪೋಲೆಂಡಿನಲ್ಲಿ ಸೇನಾಡಳಿತ ಹೇರದಿದ್ದರೆ ಸೋವಿಯತ್ ಸೇನೆ ನುಗ್ಗುತ್ತಿತ್ತು ಎನ್ನುತ್ತಾರೆ. ನಿಜವೇ?

ಉತ್ತರ: ಸೇನಾಡಳಿತ ಹೇರಿದ ಜನರಲ್ ಯಾರುಜೆಲ್‌ಸ್ಕಿ ಕೊನೆಯವರೆಗೂ ಕೊಟ್ಟ ಸಮರ್ಥನೆ ಇದೇ. 1956ರಲ್ಲಿ ಹಂಗೆರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದರಿಂದ ಆ ಭಯವನ್ನು ಬರೀ ನೆಪವೆಂದು ತಳ್ಳಿಹಾಕಲಾಗದು. ಆದರೆ 1981ರ ಡಿಸೆಂಬರ್ 10ರ ಸೋವಿಯತ್ ಪಾಲಿಟ್‌ಬ್ಯೂರೊ ಸಭೆಯ ನಡಾವಳಿ ಈಗ ಬಯಲಾಗಿದೆ. ಪೋಲೆಂಡಿಗೆ ಸೇನೆ ಕಳಿಸಬಾರದೆಂದೇ ಸೋವಿಯತ್ ನಾಯಕರಾದ ಆಂಡ್ರೊಪೊವ್, ಸುಸ್ಲೊವ್ ಅಲ್ಲಿ ವಾದಿಸಿದ್ದರು. ಮೂರೇ ದಿನಗಳಲ್ಲಿ, ಡಿಸೆಂಬರ್ 13ರಂದು, ಸೇನಾಡಳಿತ ಜಾರಿಯಾಯಿತು; ಜನ ಎದ್ದಾಗ ಟೆಲಿಫೋನ್ ಸತ್ತಿತ್ತು, ಬೀದಿಗೆ ಟ್ಯಾಂಕು ಬಂದಿತ್ತು. ಸುಮಾರು ಒಂದು ಕೋಟಿ ಸದಸ್ಯರಿದ್ದ ಸ್ವತಂತ್ರ ಕಾರ್ಮಿಕ ಸಂಘಟನೆ ‘ಸಾಲಿಡಾರಿಟಿ’ಯ ಸಾವಿರಾರು ಮಂದಿಯನ್ನು ವಿಚಾರಣೆಯಿಲ್ಲದೆ ಕೂಡಿಹಾಕಲಾಯಿತು. ಮುಂದೆ ಫೋನ್ ಮರಳಿದಾಗಲೂ, ಮಾತು ನಿಗಾದಲ್ಲಿದೆ ಎಂದು ಎಚ್ಚರಿಸುವ ಧ್ವನಿ ನಡುವೆ ಬರುತ್ತಿತ್ತು. ತಾಯಿ ಮಗನ ಕುಶಲ ಕೇಳಲೂ ಅಳುಕುವಂತಾಯಿತು. ಡಿಸೆಂಬರ್ 16ರಂದು ವೂಯೆಕ್ ಕಲ್ಲಿದ್ದಲು ಗಣಿಯಲ್ಲಿ 9 ಮುಷ್ಕರನಿರತ ಕಾರ್ಮಿಕರನ್ನು ಗುಂಡಿಟ್ಟು ಕೊಂದವರು ಪೋಲೆಂಡಿನದೇ ಪೊಲೀಸರು.

ಇದೆಲ್ಲ ಮಾಸ್ಕೋವನ್ನು ದೂರವಿಡಲು ತೆತ್ತ ಬೆಲೆ ಎನ್ನುವವರಿದ್ದಾರೆ. ಹಾಗಾದರೆ ದೇಶ ತಣ್ಣಗಾದ ಮೇಲೆ, 1982ರ ಅಕ್ಟೋಬರಿನಲ್ಲಿ, ಸಂಘಟನೆಯನ್ನೇ ಕಾನೂನಿನಿಂದ ಅಳಿಸಿದ್ದೇಕೆ? ಆಳುವ ಕಮ್ಯುನಿಸ್ಟ್ ಪಕ್ಷಕ್ಕೆ ನಿಜವಾದ ಭಯವಿದ್ದದ್ದು ತನ್ನದೇ ಕಾರ್ಮಿಕರದ್ದು. ಮೇಲಾಗಿ, ಸೇನಾಡಳಿತವನ್ನು ಹೇರಿದ್ದು ಸುಗ್ರೀವಾಜ್ಞೆಯ ಮೂಲಕ; ಸಂಸತ್ ಅಧಿವೇಶನ ನಡೆಯುತ್ತಿರುವಾಗ ಅಂಥ ಆಜ್ಞೆ ಹೊರಡಿಸಲು ಅಂದಿನ ಕಮ್ಯುನಿಸ್ಟ್ ಸಂವಿಧಾನವೂ ಅವಕಾಶ ಕೊಟ್ಟಿರಲಿಲ್ಲ. 2011ರಲ್ಲಿ ಪೋಲೆಂಡಿನ ಸಾಂವಿಧಾನಿಕ ನ್ಯಾಯಮಂಡಳಿ ಅದನ್ನು ಅಸಾಂವಿಧಾನಿಕ ಎಂದು ಘೋಷಿಸಿತು.