ತಪ್ಪು ಬೆಲೆ ಕಣ್ಣಿಗೆ ಬಿದ್ದಾಗ

2003ರ ಜನವರಿ 13. ಸಿಂಗಪುರದಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಡಿಜಿಲ್ಯಾಂಡ್‌ಮಾಲ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಎಚ್‌ಪಿ ಕಂಪನಿಯ ಲೇಸರ್ ಪ್ರಿಂಟರ್ ಒಂದರ ಬೆಲೆ 66 ಡಾಲರ್ ಎಂದು ಕಾಣುತ್ತಿತ್ತು. ಅಸಲಿ ಬೆಲೆ 3,854 ಸಿಂಗಪುರ ಡಾಲರ್. ತರಬೇತಿಗೆಂದು ಸಿದ್ಧಪಡಿಸಿದ್ದ ಅಂಕಿಗಳು ಕೈತಪ್ಪಿ ನಿಜವಾದ ಜಾಲತಾಣಕ್ಕೆ ಹೋಗಿ, ಐದು ದಿನ ಕಂಪನಿಯ ಯಾರ ಗಮನಕ್ಕೂ ಬಾರದೆ ಹಾಗೇ ಉಳಿದಿದ್ದವು. ಆ ರಾತ್ರಿ ಸುದ್ದಿ ಗೆಳೆಯರಿಂದ ಗೆಳೆಯರಿಗೆ ಹರಡಿತು. ಆರು ಮಂದಿ ಸೇರಿ 1,606 ಪ್ರಿಂಟರ್‌ಗಳಿಗೆ ಆರ್ಡರ್ ಹಾಕಿದರು. ಅವರು ಕೊಡಬೇಕಿದ್ದದ್ದು 1,05,996 ಡಾಲರ್. ಸರಕಿನ ನಿಜವಾದ ಬೆಲೆ 61 ಲಕ್ಷ ಡಾಲರ್‌ಗೂ ಹೆಚ್ಚು.

ಕಂಪನಿ ಸರಕು ಕೊಡಲು ಒಪ್ಪಲಿಲ್ಲ. ಆರೂ ಮಂದಿ ಕೋರ್ಟಿಗೆ ಹೋದರು. ಅವರಲ್ಲಿ ವಕೀಲರೂ ಇದ್ದರು. ಆರ್ಡರ್ ಖಚಿತವಾಯಿತೆಂದು ಇಮೇಲ್ ಬಂದಿದೆ, ಕರಾರು ಆದಂತೆಯೇ ಎಂಬುದು ಅವರ ವಾದ. ಆದರೆ ಆ ರಾತ್ರಿ ಅವರು ಪರಸ್ಪರ ಕಳಿಸಿಕೊಂಡಿದ್ದ ಸಂದೇಶಗಳು ಕೋರ್ಟಿನ ಮುಂದಿದ್ದವು. ಅದೇ ಪ್ರಿಂಟರಿಗೆ ಬೇರೆ ಕಡೆ ಎಷ್ಟು ಬೆಲೆಯೆಂದು ಹುಡುಕಿ ನೋಡಿದ್ದರು. ನಡುರಾತ್ರಿ ಒಬ್ಬರನ್ನೊಬ್ಬರು ಎಚ್ಚರಿಸಿದ್ದರು. ಇದು ತಪ್ಪು ಬೆಲೆಯೆಂದು ಇವರಿಗೆ ಗೊತ್ತಿತ್ತು ಎಂದು ನ್ಯಾಯಮೂರ್ತಿ ವಿ. ಕೆ. ರಾಜಾ 2004ರಲ್ಲಿ ತೀರ್ಪಿತ್ತರು, ಕರಾರು ಅಸಿಂಧುವಾಯಿತು. ಮರುವರ್ಷ ಮೇಲ್ಮನವಿಯಲ್ಲೂ ಅದೇ ತೀರ್ಪು ನಿಂತಿತು.

ಮನೆಗೊಂದು ಪ್ರಿಂಟರ್ ಬೇಕಿದ್ದು, ಅಗ್ಗಕ್ಕೆ ಸಿಕ್ಕಿತೆಂದು ನಂಬಿ ಒಂದನ್ನು ಕೊಂಡವರ ಮಾತು ಬೇರೆ. ಇಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಕೊಳ್ಳುವ ಗಳಿಗೆಯಲ್ಲಿ ಅದು ತಪ್ಪೆಂದು ಕೊಳ್ಳುವವರಿಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹಣ ಕಟ್ಟುವುದು, ಮೈಮರೆತವರ ಜೇಬಿಗೆ ಕೈ ಹಾಕುವುದಕ್ಕಿಂತ ಬಹಳ ದೂರದ ಕೆಲಸವೇನಲ್ಲ.

ಪ್ರಶ್ನೆ ಹೊಸದೂ ಅಲ್ಲ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಹೆಚ್ಚುಕಡಿಮೆ ಇದನ್ನೇ ಚರ್ಚಿಸುತ್ತಾನೆ. ಒಬ್ಬ ಹಿತ್ತಾಳೆಯೆಂದುಕೊಂಡು ಚಿನ್ನವನ್ನು ಮಾರುತ್ತಿದ್ದಾನೆ. ಸಾವಿರ ನಾಣ್ಯ ಬಾಳುವುದನ್ನು ಒಂದು ನಾಣ್ಯಕ್ಕೆ ಕೊಳ್ಳಬೇಕೋ, ಇದು ಚಿನ್ನ ಕಣಪ್ಪ ಎಂದು ಹೇಳಬೇಕೋ? ಅದೇ ಗ್ರಂಥದಲ್ಲಿ ಸ್ಕೇವೊಲಾ ಎಂಬುವನ ಪ್ರಸಂಗವೂ ಬರುತ್ತದೆ. ಜಮೀನು ಕೊಳ್ಳಲು ಹೋದ ಆತ, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನಾಗಿಯೇ ಒಂದು ಲಕ್ಷ ಸೆಸ್ಟರ್ಸ್ ಹೆಚ್ಚಿಗೆ ಕೊಟ್ಟನಂತೆ. ಅಷ್ಟು ದೊಡ್ಡ ಮನಸ್ಸನ್ನು ಎಲ್ಲರಿಂದ ನಿರೀಕ್ಷಿಸಲಾಗದು. ಚಿನ್ನವನ್ನು ಚಿನ್ನವೆನ್ನಲು ಮಾತ್ರ ಅಷ್ಟೆಲ್ಲ ಬೇಕಾಗಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ 22ನೇ ಕಲಂ ಪ್ರಕಾರ, ಒಂದೇ ಪಕ್ಷಕ್ಕೆ ತಪ್ಪು ತಿಳಿವಳಿಕೆ ಆಗಿತ್ತೆಂಬ ಕಾರಣ ಒಂದರಿಂದಲೇ ಕರಾರನ್ನು ರದ್ದುಪಡಿಸಲಾಗದು. ಅಂದರೆ ಅಂಗಡಿಯವರ ಕೈ ಕಟ್ಟಿದಂತೆಯೇ ಎನಿಸಬಹುದು. ಆದರೆ ಅದೇ ಕಾಯ್ದೆಯ 72ನೇ ಕಲಂ, ತಪ್ಪಿನಿಂದ ಬಂದ ಹಣವನ್ನೋ ವಸ್ತುವನ್ನೋ ಹಿಂತಿರುಗಿಸಬೇಕೆನ್ನುತ್ತದೆ. 2023ರ ನವೆಂಬರಿನಲ್ಲಿ ಯೂಕೊ ಬ್ಯಾಂಕಿನ ಸುಮಾರು 41 ಸಾವಿರ ಖಾತೆಗಳಿಗೆ ತಾಂತ್ರಿಕ ದೋಷದಿಂದ 820 ಕೋಟಿ ರೂಪಾಯಿ ಜಮೆಯಾದಾಗ, ಬಂದ ದುಡ್ಡನ್ನು ಬೇಗ ಡ್ರಾ ಮಾಡಿಕೊಂಡವರು ಕಡಿಮೆಯೇನಿರಲಿಲ್ಲ. ಬ್ಯಾಂಕ್ ಕೆಲವೇ ದಿನಗಳಲ್ಲಿ 649 ಕೋಟಿ ವಾಪಸ್ ಪಡೆಯಿತು. ಉಳಿದದ್ದರ ಜಾಡು ಹಿಡಿದ ಸಿಬಿಐ ಕೋಲ್ಕತ್ತ, ಮಂಗಳೂರುಗಳಲ್ಲಿ ಶೋಧ ನಡೆಸಿತು.

‘ದೊಡ್ಡ ಕಂಪನಿ, ಅವರಿಗೇನು ನಷ್ಟ?’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಇಂಬು ಕೊಡುವ ಉದಾಹರಣೆಗಳೂ ಇವೆ. 2019ರ ಹೊಸವರ್ಷದ ದಿನ ಕ್ಯಾಥೆ ಪೆಸಿಫಿಕ್ ವಿಮಾನ ಸಂಸ್ಥೆ ವಿಯೆಟ್ನಾಮಿನಿಂದ ನ್ಯೂಯಾರ್ಕಿಗೆ ಹೋಗಿ ಬರುವ ಬಿಸಿನೆಸ್ ಕ್ಲಾಸ್ ಟಿಕೆಟ್ಟನ್ನು ಸುಮಾರು 675 ಡಾಲರಿಗೆ ಮಾರಿಬಿಟ್ಟಿತು. ಅದರ ಬೆಲೆ 16 ಸಾವಿರದ ಆಸುಪಾಸು. ತಪ್ಪಾಯಿತೆಂದು ಸಂಸ್ಥೆ ಬಹಿರಂಗವಾಗಿ ಒಪ್ಪಿಕೊಂಡು, ಕೊಂಡವರನ್ನೆಲ್ಲ ಬನ್ನಿ ಎಂದು ಸ್ವಾಗತಿಸಿತು. ಅದು ಸಂಸ್ಥೆ ತಿಳಿದು ಕೊಟ್ಟದ್ದು. ಪಡೆದವರು ನೆಮ್ಮದಿಯಿಂದ ಪ್ರಯಾಣಿಸಬಹುದು.

ಜಪಾನಿನಲ್ಲಿ 2005ರ ಡಿಸೆಂಬರಿನಲ್ಲಿ ನಡೆದದ್ದು ಬೇರೆ ಬಗೆಯದು. ಮಿಜುಹೊ ಸೆಕ್ಯುರಿಟೀಸ್‌ನವರು ಜೆ-ಕಾಮ್ ಕಂಪನಿಯ ಒಂದು ಷೇರನ್ನು 6,10,000 ಯೆನ್‌ಗೆ ಮಾರಲು ಹೋಗಿ, 6,10,000 ಷೇರುಗಳನ್ನು ತಲಾ ಒಂದು ಯೆನ್‌ಗೆ ಮಾರುವ ಆದೇಶ ಹಾಕಿಬಿಟ್ಟರು. ಆ ಕಂಪನಿಯ ಒಟ್ಟು ಷೇರುಗಳೇ ಹದಿನೈದು ಸಾವಿರ ದಾಟಿರಲಿಲ್ಲ! ನೋಡಿದವರಿಗೆ ತಪ್ಪೆಂದು ಗೊತ್ತಾಗದೆ ಇರುವಂತಿರಲಿಲ್ಲ. ಕೊಂಡವರಲ್ಲಿ ದೊಡ್ಡ ದೊಡ್ಡ ಬ್ರೋಕರ್ ಸಂಸ್ಥೆಗಳೂ ಇದ್ದವು. ಇದು ಶೋಭೆ ತರುವ ವ್ಯವಹಾರವಲ್ಲ ಎಂದು ಆಗಿನ ಹಣಕಾಸು ಸೇವೆಗಳ ಸಚಿವ ಕಾವೊರು ಯೊಸಾನೊ ಆಕ್ಷೇಪಿಸಿದ ಮೇಲೆ ಆ ಸಂಸ್ಥೆಗಳು ಲಾಭವನ್ನು ಬಿಟ್ಟುಕೊಟ್ಟವು. ಯಾವ ಕೋರ್ಟೂ ಅವರಿಗೆ ಹಾಗೆ ಹೇಳಿರಲಿಲ್ಲ. ಅಂದರೆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಎದುರಿನವರಿಗೆ ಇದೆ ಎಂಬುದು ಅಲ್ಲಿ ಸಮರ್ಥನೆಯಾಗಿ ನಿಲ್ಲಲಿಲ್ಲ.

ಷೇರುಪೇಟೆಯಿಂದ ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್ಟಿಗೆ ಬಂದರೆ ಮಾತು ಇನ್ನೂ ಗಂಭೀರವಾಗುತ್ತದೆ. ಬಿಡಿಯಾಗಿ ಮಾರುವ ಗೋಡಂಬಿ, ದ್ರಾಕ್ಷಿ, ಕಡಲೆಬೀಜಗಳಿಗೆ ಬಾರ್‌ಕೋಡ್ ಇರುವುದಿಲ್ಲ. ತಕ್ಕಡಿಯ ಬಳಿ ನಿಂತ ಹುಡುಗಿ ಕವರನ್ನು ತೂಕಕ್ಕಿಟ್ಟು, ಆಯಾ ಪದಾರ್ಥದ ನಂಬರ್ ಒತ್ತಿ ಸ್ಟಿಕ್ಕರ್ ಅಂಟಿಸುತ್ತಾಳೆ. ಹಬ್ಬದ ಹಿಂದಿನ ಸಂಜೆ, ಸಾಲು ಬಾಗಿಲವರೆಗೆ ಬೆಳೆದಿರುವಾಗ ಒಂದು ಅಂಕಿ ಆಚೀಚೆ ಆದರೆ ಅರ್ಧ ಕಿಲೋ ಗೋಡಂಬಿ ಕಡಲೆಬೀಜದ ಬೆಲೆಗೆ ಹೋಗುತ್ತದೆ. ಕೌಂಟರಿನಲ್ಲಿ ಸ್ಟಿಕ್ಕರ್ ಸ್ಕ್ಯಾನ್ ಮಾಡುವವನು ಕವರಿನೊಳಗೆ ಇಣುಕಿ ನೋಡುವುದಿಲ್ಲ. ಬಿಲ್ ನೋಡಿದ ಗಿರಾಕಿಗೆ ಮಾತ್ರ ತಿಳಿಯುತ್ತದೆ.

ಆ ದುಡ್ಡು ಯಾರ ತಲೆಗೆ ಬರುತ್ತದೆ? ನೌಕರನ ನಿರ್ಲಕ್ಷ್ಯದಿಂದಲೇ ಆದ ನಷ್ಟವನ್ನು ಸಂಬಳದಲ್ಲಿ ಹಿಡಿದುಕೊಳ್ಳಲು 1936ರ ವೇತನ ಪಾವತಿ ಕಾಯ್ದೆ ಅವಕಾಶ ಕೊಟ್ಟಿತ್ತು. 2019ರ ವೇತನ ಸಂಹಿತೆಯಲ್ಲೂ ಆ ಅವಕಾಶವಿದೆ. ‘ಕಂಪನಿಗೆ ನಷ್ಟವಿಲ್ಲ’ ಎನ್ನುವವರು ಯೋಚಿಸಬೇಕಾದದ್ದು ಈ ಹುಡುಗಿಯ ತಿಂಗಳ ಕೊನೆಯ ಲೆಕ್ಕವನ್ನು. ಬಿಲ್ಲಿನಲ್ಲಿ ಇಪ್ಪತ್ತು ರೂಪಾಯಿ ಹೆಚ್ಚಿಗೆ ಬಂದರೆ ನಾವು ಅರ್ಧ ದಾರಿಯಿಂದಾದರೂ ವಾಪಸ್ ಹೋಗುತ್ತೇವೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ 1915ಕ್ಕೆ ಕರೆ ಮಾಡಿ ದೂರುತ್ತೇವೆ, ದೂರಲೇಬೇಕು. ಅಂಗಡಿಯವರು ಮೋಸ ಮಾಡುವುದಿಲ್ಲವೇ ಎಂಬ ಸಿಟ್ಟಿನಲ್ಲಿ ನ್ಯಾಯವೂ ಇದೆ. ಆದರೆ ಒಬ್ಬ ವ್ಯಾಪಾರಿ ಮಾಡಿದ ಮೋಸದ ಬಾಕಿಯನ್ನು ಇನ್ನೊಂದು ಅಂಗಡಿಯ ಕೂಲಿಯಾಳಿನಿಂದ ವಸೂಲು ಮಾಡುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಅನುಮಾನಕ್ಕೆ ಎಡೆಯಿರುವ ಸಂದರ್ಭಗಳೂ ಇವೆ. ಒಂದು ರೂಪಾಯಿಗೆ ಫೋನ್ ಎಂಬ ಫ್ಲ್ಯಾಶ್ ಸೇಲನ್ನು ಶಿಯೋಮಿಯಂಥ ಕಂಪನಿಗಳೇ ಪ್ರಚಾರಕ್ಕಾಗಿ ನಡೆಸಿರುವಾಗ, ತೆರೆಯ ಮೇಲೆ ಕಂಡ ಬೆಲೆ ಆಫರೋ ತಪ್ಪೋ ಎಂದು ಗಿರಾಕಿ ಹೇಗೆ ತಿಳಿಯಬೇಕು? ಅಂಥಲ್ಲಿ ನಂಬಿ ಕೊಂಡವರನ್ನು ದೂರುವಂತಿಲ್ಲ. ಆರ್ಡರ್ ರದ್ದು ಮಾಡಿದರೆ ಪೂರ್ತಿ ಹಣವನ್ನು ತಡಮಾಡದೆ ವಾಪಸ್ ಕೊಡುವುದು ಕಂಪನಿಯ ಹೊಣೆ.

ಎದುರುಬದುರು ನಿಂತಾಗ ದಾರಿ ಸುಲಭ. ‘ಮೇಡಂ, ಇದು ಗೋಡಂಬಿ, ಕಡಲೆಬೀಜದ ರೇಟ್ ಬಂದಿದೆ ನೋಡಿ’ ಎಂದರೆ ಸಾಕು. ದಿನದ ಲೆಕ್ಕ ಮುಚ್ಚುವ ಮುಂಚೆ ಹೇಳಿದರೆ ಹಳೆಯ ಬಿಲ್ ರದ್ದು ಮಾಡಿ ಹೊಸದು ಕೊಡಲು ಎರಡು ನಿಮಿಷ ಸಾಕು. ರಾತ್ರಿ ಗಲ್ಲಾಪೆಟ್ಟಿಗೆ, ಸ್ಟಾಕು ಎರಡೂ ತಾಳೆಯಾಗುತ್ತವೆ. ಕೆಲವೊಮ್ಮೆ ಮಾಲೀಕರೇ ‘ಪರವಾಗಿಲ್ಲ ಬಿಡಿ ಸಾರ್, ನಮ್ಮದೇ ತಪ್ಪು’ ಎಂದು ಅದೇ ಬೆಲೆಗೆ ಕೊಟ್ಟು ಕಳಿಸುವುದೂ ಉಂಟು. ಆಗ ಗೋಡಂಬಿಯನ್ನು ಸಂಕೋಚವಿಲ್ಲದೆ ಮನೆಗೆ ಒಯ್ಯಬಹುದು.