ಮುದ್ದಿನ ಮೊಲಕ್ಕೆ ವಿಮೆ ಬೇಕೇ?

ಬಾಣಸವಾಡಿ, ಕಲ್ಯಾಣನಗರಗಳಂತಹ ಬಡಾವಣೆಗಳ ಫ್ಲ್ಯಾಟುಗಳಲ್ಲಿ ನಾಯಿ ಸಾಕುವುದು ಎಲ್ಲರಿಗೂ ಸಾಧ್ಯವಿಲ್ಲ. ಬೊಗಳದ, ಬೀದಿ ಸುತ್ತಿಸಬೇಕಿಲ್ಲದ ಮೊಲ ಅಂತಹ ಮನೆಗಳಿಗೆ ಸುಲಭ ಆಯ್ಕೆಯಾಗಿ ಕಾಣುತ್ತದೆ. ಆದರೆ ಅಗ್ಗವಾಗಿ ಮನೆಗೆ ಬರುವ ಮೊಲ ಕಾಯಿಲೆ ಬಿದ್ದರೆ, ಅದರ ಬೆಲೆಯ ಹಲವು ಪಟ್ಟು ಹಣ ಚಿಕಿತ್ಸೆಗೇ ಬೇಕಾಗಬಹುದು. ಹಾಗಾದರೆ ಮೊದಲ ಬಾರಿಗೆ ಮೊಲ ಸಾಕುವವರು ವಿಮೆ ಮಾಡಿಸಬೇಕೇ?

ಬ್ರಿಟನ್ನಿನಲ್ಲಿ ಪೆಟ್‌ಪ್ಲಾನ್‌ನಂತಹ ಸಂಸ್ಥೆಗಳು ಮೊಲದ ಚಿಕಿತ್ಸಾ ವೆಚ್ಚ ಭರಿಸುವ ಪಾಲಿಸಿಗಳನ್ನು ಮಾರುತ್ತವೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. ಬಜಾಜ್ ಅಲಯನ್ಸ್ 2020ರಲ್ಲಿ ಸಾಕುನಾಯಿಗಳಿಗೆ ವಿಮೆ ಪರಿಚಯಿಸಿತು. ಸಾಕುಪ್ರಾಣಿ ವಿಮೆ ಎಂಬ ಹೆಸರಿನಲ್ಲಿ ಇಲ್ಲಿ ಸಿಗುವುದು ಸಾಮಾನ್ಯವಾಗಿ ನಾಯಿ, ಬೆಕ್ಕುಗಳ ವಿಮೆಯೇ. ಆದ್ದರಿಂದ ಹಣ ಕಟ್ಟುವ ಮೊದಲು ಪಾಲಿಸಿಯ ಪತ್ರದಲ್ಲಿ ‘ಮೊಲ’ ಎಂದು ನಮೂದಾಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಸಾಕಣೆದಾರರಿಗೆ ಉಂಟು

ಹಾಗೆಂದು ಮೊಲಕ್ಕೆ ವಿಮೆಯೇ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮಾ ಯೋಜನೆಯಲ್ಲಿ ದನ, ಕುರಿ, ಮೇಕೆ, ಹಂದಿಗಳ ಜೊತೆಗೆ ಮೊಲವೂ ಸೇರಿದೆ. ಪ್ರೀಮಿಯಂನಲ್ಲಿ ಫಲಾನುಭವಿಯ ಪಾಲನ್ನು 2024ರಲ್ಲಿ ಶೇ 15ಕ್ಕೆ ಇಳಿಸಲಾಯಿತು. ಆದರೆ ಇದು ಜೀವನೋಪಾಯಕ್ಕಾಗಿ ಮೊಲ ಸಾಕುವವರಿಗೆ ಮೀಸಲಾದುದು. ಪ್ರಾಣಿ ಸತ್ತರೆ ಪರಿಹಾರ ಸಿಗುತ್ತದೆಯೇ ಹೊರತು ವೈದ್ಯರ ಶುಲ್ಕವಲ್ಲ. ಫ್ಲ್ಯಾಟಿನ ಮುದ್ದಿನ ಮೊಲಕ್ಕೆ ಬೇಕಾದುದು ಚಿಕಿತ್ಸೆಯ ಖರ್ಚು ಎಂಬುದು ಗಮನಾರ್ಹ.

ಖರ್ಚು ಎಲ್ಲಿಂದ ಬರುತ್ತದೆ?

ಮೊಲದ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿಯದಿದ್ದರೆ ಅವು ಸವೆಯದೆ ಬಾಯಿಗೆ ಗಾಯ ಮಾಡುತ್ತವೆ. ನಾರಿನಂಶ ಕಡಿಮೆಯಾದರೆ ಕರುಳಿನ ಚಲನೆಯೇ ನಿಧಾನವಾಗುತ್ತದೆ. ಅರ್ಧ ದಿನ ಮೇವು ಮುಟ್ಟದ, ಹಿಕ್ಕೆ ಹಾಕದ ಮೊಲವನ್ನು ತುರ್ತಾಗಿ ವೈದ್ಯರಿಗೆ ತೋರಿಸಬೇಕು. ಕಾಯಿಲೆಯನ್ನು ಹೊರಗೆ ತೋರಗೊಡದಿರುವುದು ಅದರ ಸ್ವಭಾವ. ಮನೆಯಲ್ಲಿರುವ ಮಾತ್ರೆ ಕೊಡುವುದಂತೂ ಅಪಾಯ. ಅಮಾಕ್ಸಿಸಿಲಿನ್‌ನಂತಹ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲ ಸಾಯಬಹುದು.

ಮೊಲವನ್ನು ಬಲ್ಲ ವೈದ್ಯರು ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ. ಬಾಣಸವಾಡಿಯಿಂದ ಹೊರವರ್ತುಲ ರಸ್ತೆಯಲ್ಲಿ ಹೆಣ್ಣೂರು, ನಾಗವಾರ ದಾಟಿದರೆ ಹೆಬ್ಬಾಳ. ಅಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ. ಮೊಲ ತರುವ ಮೊದಲೇ ಅಲ್ಲಿ ಅಥವಾ ಹತ್ತಿರದ ಕ್ಲಿನಿಕ್‌ನಲ್ಲಿ ಮೊಲಗಳನ್ನು ಯಾರು, ಯಾವ ಹೊತ್ತಿನಲ್ಲಿ ನೋಡುತ್ತಾರೆಂದು ವಿಚಾರಿಸಿಟ್ಟುಕೊಳ್ಳುವುದು ಜಾಣತನ.

ಸ್ವಂತ ಆಪದ್ಧನ

ಒಳ್ಳೆಯ ಆರೈಕೆಯಲ್ಲಿ ಮೊಲ ಎಂಟು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ತಿಂಗಳಿಗೆ 500 ರೂಪಾಯಿಯನ್ನು ಪ್ರತ್ಯೇಕ ಖಾತೆಗೆ ಹಾಕುತ್ತಾ ಬಂದರೆ ವರ್ಷಕ್ಕೆ 6,000, ಎಂಟು ವರ್ಷಕ್ಕೆ 48,000 ರೂಪಾಯಿ ಕೂಡುತ್ತದೆ. ವಿಮೆಯ ಪ್ರೀಮಿಯಂ ಬಳಸದಿದ್ದರೂ ಮರಳುವುದಿಲ್ಲ; ಈ ಹಣ ಉಳಿಯುತ್ತದೆ. ಆದರೆ ಮೊದಲ ತಿಂಗಳಲ್ಲೇ ಕಾಯಿಲೆ ಬಂದರೆ 500 ರೂಪಾಯಿ ಯಾವುದಕ್ಕೂ ಸಾಲದು. ಹೀಗಾಗಿ ಆರಂಭದಲ್ಲೇ ಒಂದಿಷ್ಟು ಮೊತ್ತ ತೆಗೆದಿಡುವುದು ಅಗತ್ಯ. ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ತಪ್ಪಿಸುವ ಸಂತಾನಹರಣ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ಇದರಲ್ಲೇ ಲೆಕ್ಕ ಹಿಡಿಯಬೇಕು.

ಮುಂದೆ ಮೊಲಕ್ಕೂ ಪಾಲಿಸಿ ದೊರೆತರೆ ಮೂರು ಅಂಶ ಪರಿಶೀಲಿಸಿ: ಹಲ್ಲಿನ ಚಿಕಿತ್ಸೆ ಸೇರಿದೆಯೇ, ಎಷ್ಟು ದಿನ ಕಾಯಬೇಕು, ಪ್ರತಿ ಕ್ಲೇಮಿನಲ್ಲಿ ಕೈಯಿಂದ ಎಷ್ಟು ಭರಿಸಬೇಕು. ಅಲ್ಲಿಯವರೆಗೆ ದಿನವಿಡೀ ದೊರೆಯುವ ಹುಲ್ಲು, ಬೇಸಿಗೆಯಲ್ಲಿ ತಂಪಾದ ಮೂಲೆ, ಪರಿಚಿತ ವೈದ್ಯರು ಮತ್ತು ಬ್ಯಾಂಕಿನಲ್ಲೊಂದಿಷ್ಟು ಹಣ, ಇವೇ ಮೊಲದ ವಿಮೆ. ಇಷ್ಟನ್ನು ಹೊಂದಿಸಲು ಆಗದವರು ಮೊಲ ತರುವ ಯೋಚನೆಯನ್ನು ಸದ್ಯಕ್ಕೆ ಮುಂದೂಡುವುದೇ ಲೇಸು.